ರಾಣಿಹೊಂಡದ ಗೇಟಿನ ಬೀಗ

"ಟಿಕೆಟ್ ಐತಿ ಅಂತ ಆಗಿಂದ ಬಡ್ಕೊಳ್ಳಾಕತ್ತೀನಿ, ನಿನಗ ಕಣ್ಣ ಕಾಣಂಗಿಲ್ಲೇನೋ?"

"ಟಿಕೆಟ್ ಐತ್ರಿ ಸರ, ಯಾರ್ ಇಲ್ಲಂದ್ರು? ಟೈಮ್ ಎಲ್ಲೈತಿ? ಅದನ್ನೂ ಕಿಸೆದಾಗಿಂದ ತಗೀರಿ, ನೋಡೂಣು!"

"ಬರೇ ಇಪ್ಪತ್ತ ಮಿನಿಟ್ ಲೇಟು. ಅರವತ್ತು ಹುಡುಗೂರನ್ನ ಕರ್ಕೊಂಡು ಬಂದೀನಿ, ಮನಷ್ಯಾನೋ ಏನೋ ನೀನು?"

"ಐದೂವರಿಗೆ ಗೇಟ್ ಬಂದ್ ಅಂತ ಬೋರ್ಡ್ ಹಾಕೇತಿ. ಹೆಡ್ ಮಾಸ್ತರಾಗಿ ನೀವು ಓದಂಗಿಲ್ಲಂದ್ರ ಹುಡುಗೂರಿಗೆ ಏನ್ ಓದಸ್ತೀರಿ?"

ಈ ಮಾತಿಗೆ ಹೆಡ್ ಮಾಸ್ತರರ ಕೈ ಕಾವಲುಗಾರ ಭರಮಪ್ಪನ ಮೇಲೆ ಬೀಳಬೇಕಿತ್ತು, ನನ್ನ ಮೇಲೆ ಬಿತ್ತು. ನನ್ನ ಕುತ್ತಿಗೆ ಹಿಡಿದು ಮೂರು ಸಲ ಜಗ್ಗಿದರು. ಉಪ್ಪಿಟ್ಟಿನ ಎಣ್ಣೆ ಇನ್ನೂ ಬೆರಳಿಗೆ ಅಂಟಿತ್ತು. ದಾರಿಯಲ್ಲಿ ಬಸ್ಸು ನಿಲ್ಲಿಸಿ, ಮರದ ಕೆಳಗೆ ಒಲೆ ಹೂಡಿ, ಅರವತ್ತು ಮಂದಿಗೆ ಉಪ್ಪಿಟ್ಟು ಬೇಯಿಸಿ, ತಿಂದು, ಪಾತ್ರೆ ತೊಳೆದು ಬಂದವರು ಇವರು. ಆ ಎರಡು ಗಂಟೆಯ ಲೆಕ್ಕ ಯಾರೂ ಇಡಲಿಲ್ಲ. ನನ್ನ ಮುಂದಿನ ಇಪ್ಪತ್ತು ನಿಮಿಷ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ನಾನು ಒಂದು ಬೀಗ. ಬಿಸಿಲುಕೋಟೆಯ ಹಾಳು ಪಟ್ಟಣದಲ್ಲಿ ರಾಣಿಹೊಂಡ ಎಂಬ ಹಳೆಯ ಕಲ್ಲಿನ ಕೊಳವಿದೆ. ಅದರ ಸುತ್ತ ಮಂಟಪ, ಮಂಟಪದ ಸುತ್ತ ಗೋಡೆ, ಗೋಡೆಗೊಂದು ಕಬ್ಬಿಣದ ಗೇಟು. ಆ ಗೇಟಿಗೆ ಹೊರಮುಖವಾಗಿ ಜೋತುಬಿದ್ದು ಇಪ್ಪತ್ತೆರಡು ವರ್ಷ ಬದುಕಿದೆ. ಒಳಗೆ ಏನಿದೆ ಎಂದು ಒಂದು ದಿನವೂ ನೋಡಲಿಲ್ಲ.

ಹುಟ್ಟಿದ್ದು ಅಲಿಗಢದ ಒಂದು ಓಣಿಯಲ್ಲಿ. ಹಿತ್ತಾಳೆಯ ಮೈ, ಉಕ್ಕಿನ ಕೊಂಡಿ, ಹೊಟ್ಟೆಯೊಳಗೆ ಕೀಲಿಕೈ ತಿರುಗಿದರೆ ಮೇಲೇಳುವ ಏಳು ಪಟ್ಟಿ, ಅಂದರೆ ಲಿವರು. ನನ್ನನ್ನು ಅರದಿಂದ ಉಜ್ಜಿ ಹೊಳಪು ಕೊಟ್ಟ ಕೈಗೆ ಹೆಬ್ಬೆರಳಿನ ಉಗುರಿರಲಿಲ್ಲ. ಹೆತ್ತವರ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ. ಎರಡು ಕೀಲಿಕೈ ಕಟ್ಟಿ ಎಣ್ಣೆ ಕಾಗದದಲ್ಲಿ ಸುತ್ತಿ ಕಳಿಸಿದರು. ನನ್ನದೊಂದು ಸ್ವಭಾವವನ್ನು ಈಗಲೇ ಹೇಳಿಬಿಡುತ್ತೇನೆ. ನನ್ನನ್ನು ಹಾಕಲು ಕೀಲಿಕೈ ಬೇಡ, ಕೊಂಡಿ ಒತ್ತಿದರೆ ಸಾಕು. ತೆಗೆಯಲು ಮಾತ್ರ ಕೀಲಿಕೈ ಬೇಕೇ ಬೇಕು.

ಗದಗಿನ ಒಂದು ಕಬ್ಬಿಣದ ಅಂಗಡಿಯಲ್ಲಿ ಎರಡು ವರ್ಷ ಮೊಳೆಗಳ ಡಬ್ಬದ ಪಕ್ಕ ಕೂತಿದ್ದೆ. ಅಲ್ಲಿಂದ ನನ್ನನ್ನು ಕೊಂಡು ತಂದು ಹುಸೇನಸಾಬನ ಕೈಗೆ ಕೊಟ್ಟರು. ರಾಣಿಹೊಂಡದ ಮೊದಲ ಕಾವಲುಗಾರ ಅವನು. ಮೆತ್ತನೆಯ ಕೈ, ಮೆತ್ತನೆಯ ಮನಸ್ಸು. ಯಾರಿಗೋ ಹೊಂಡದ ಮೀನು ತೋರಿಸಲು ಬಗ್ಗಿ, ಮೊದಲ ತಿಂಗಳಲ್ಲೇ ಒಂದು ಕೀಲಿಕೈಯನ್ನು ನೀರಿಗೆ ಬೀಳಿಸಿದ. ಹೊತ್ತು ಮೀರಿ ಬಂದವರಿಗೆಲ್ಲ "ಹೋಗ್ಲಿ ಬಿಡು, ಲಗೂನ ನೋಡಿ ಬರ್ರಿ" ಎನ್ನುತ್ತಿದ್ದ. ಹಾಗೆ ಒಂದು ಸಂಜೆ ಒಳಗೆ ಬಿಟ್ಟ ನಾಲ್ವರನ್ನು ಮರೆತು ನನ್ನನ್ನು ಹಾಕಿಕೊಂಡು ಮನೆಗೆ ಹೋದ. ಅವರು ಗೋಡೆ ಹತ್ತಿ ಹಾರಿದರು. ಒಬ್ಬನ ಕಾಲು ಮುರಿಯಿತು. ವಾರದೊಳಗೆ ಹುಸೇನಸಾಬನ ಕೆಲಸ ಹೋಯಿತು. ಅವನಿಂದ ಉಪಕಾರ ಪಡೆದ ಒಬ್ಬನಾದರೂ ಬಂದು ಅವನ ಪರ ಮಾತಾಡಲಿಲ್ಲ.

ಅವನ ಜಾಗಕ್ಕೆ ಬಂದವನೇ ಭರಮಪ್ಪ. ಒರಟು ಕೈ. ಉಳಿದ ಒಂದೇ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ, ಸ್ನಾನಕ್ಕೂ ಬಿಚ್ಚಲಿಲ್ಲ. ಬೆಳಿಗ್ಗೆ ಎಂಟೂವರೆಗೆ ತೆಗೆಯುವುದು, ಸಂಜೆ ಐದೂವರೆಗೆ ಹಾಕುವುದು, ಹಾಕುವ ಮುಂಚೆ ಹೊಂಡವನ್ನು ಎರಡು ಸುತ್ತು ಹಾಕಿ ಕೂಗಿ ನೋಡುವುದು. ಹುಸೇನಸಾಬನ ಗತಿ ಅವನಿಗೆ ಪಾಠವಾಗಿತ್ತು. ಮೇಲಾಗಿ ಅವನದು ದಿನಗೂಲಿ ಕೆಲಸ. ಇವತ್ತು ಕಾಯಂ ಮಾಡುತ್ತೇವೆ, ನಾಳೆ ಮಾಡುತ್ತೇವೆ ಎಂದು ಹತ್ತೊಂಬತ್ತು ವರ್ಷ ಅವನ ಕಾಗದ ಮೇಜಿಂದ ಮೇಜಿಗೆ ತಿರುಗುತ್ತಿತ್ತು. ಒಂದೇ ಒಂದು ದೂರು ಹೋದರೂ ಕಾಗದ ಕಸದ ಬುಟ್ಟಿಗೆ ಬೀಳುತ್ತಿತ್ತು.

ನಾನು ತೂಗುವುದು ಮನುಷ್ಯರ ಹೊಟ್ಟೆಯ ಎತ್ತರಕ್ಕೆ. ಹಾಗಾಗಿ ದೊಡ್ಡವರ ಮುಖ ನನಗೆ ಕಾಣುವುದಿಲ್ಲ, ಕೈ ಮತ್ತು ಚೀಲ ಕಾಣುತ್ತವೆ. ಆ ಕೈಗಳ ಬಗ್ಗೆ ಹೇಳಹೊರಟರೆ ಸಿಟ್ಟು ನೆತ್ತಿಗೇರುತ್ತದೆ. ಬಿಸಿಲುಕೋಟೆಯಲ್ಲಿ ಟಿಕೆಟ್ ಕೊಡುವ ಕಿಟಕಿ ಇರುವುದು ಇಲ್ಲಿಂದ ಮೂರು ಕಿಲೋಮೀಟರು ದೂರದ ಕಂಬದ ಮಂಟಪದಲ್ಲಿ. ಒಂದೇ ಟಿಕೆಟಿಗೆ ಎರಡೂ ಜಾಗ ನೋಡಬಹುದು, ಅದೇ ದಿನ. ಟಿಕೆಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಓದುವವರು ಯಾರು? ಮಂಟಪ ನೋಡಿದ ಕೂಡಲೇ ಟಿಕೆಟ್ ಹರಿದು ಕಡಲೆಕಾಯಿ ಸಿಪ್ಪೆಯ ಜೊತೆ ಎಸೆಯುತ್ತಾರೆ. ಆಮೇಲೆ ಇಲ್ಲಿಗೆ ಬಂದು ಬರಿಗೈ ಆಡಿಸುತ್ತಾರೆ. ಕೆಲವರು ನಿನ್ನೆಯ ಟಿಕೆಟ್ ಹಿಡಿದು ಬಂದು ತಾರೀಕಿನ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಾರೆ. ಇತ್ತೀಚೆಗೆ ಫೋನಿನಲ್ಲಿ ಟಿಕೆಟ್ ತೆಗೆದವರು ಬಂದರು. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ. ಫೋನನ್ನು ಆಕಾಶಕ್ಕೆ ಎತ್ತಿ ಗೇಟಿನ ಮುಂದೆ ಪ್ರದಕ್ಷಿಣೆ ಹಾಕುತ್ತಾರೆ. ಬೆಂಗಳೂರಿನ ಒಬ್ಬಾಕೆ ನಡುಮಧ್ಯಾಹ್ನ, ಹಿತ್ತಾಳೆಯಾದ ನನ್ನನ್ನೇ ಮುಟ್ಟಲಾಗದ ಬಿಸಿಲಲ್ಲಿ, ಚಪ್ಪಲಿ ಬಿಟ್ಟು ಬಂದು, "ಸ್ವಲ್ಪ ಮೊದಲೇ ಹೇಳೋದಲ್ವೇನ್ರೀ, ಕಲ್ಲು ಸುಡುತ್ತೆ ಅಂತ?" ಎಂದು ಭರಮಪ್ಪನನ್ನು ಬೈದಳು. "ಸೂರ್ಯಗ ಬೋರ್ಡ್ ಹಾಕಾಕ ಬರಂಗಿಲ್ರೀ ಅಕ್ಕಾರ" ಎಂದ ಭರಮಪ್ಪ.

ಆದರೂ ಶಾಲೆಯ ಪ್ರವಾಸದವರಷ್ಟು ನನ್ನ ತಾಳ್ಮೆ ತಿಂದವರು ಬೇರೆ ಇಲ್ಲ. ಎರಡು ದಿನದಲ್ಲಿ ಏಳು ಊರು ತೋರಿಸುತ್ತೇವೆ ಎಂದು ಮಕ್ಕಳನ್ನು ಹೊರಡಿಸುತ್ತಾರೆ. ದಾರಿಯಲ್ಲಿ ಯಾರೋ "ಇಲ್ಲೇ ಹತ್ರ ಐತಿ, ಇದೊಂದ್ ನೋಡ್ಕೊಂಡ್ ಹೋಗೂಣು" ಎನ್ನುತ್ತಾರೆ. ಏಳು ಎಂಟಾಗುತ್ತದೆ. ಕೊನೆಗೆ ಉಳಿಯುವುದು ರಾಣಿಹೊಂಡ. ಬಸ್ಸಿನಿಂದ ಇಳಿದ ಮಕ್ಕಳು ನೋಡುವುದು ನನ್ನನ್ನು. ಎಷ್ಟೋ ಶಾಲೆಗಳ ಮಕ್ಕಳ ಪ್ರವಾಸ ಕಥನದಲ್ಲಿ ರಾಣಿಹೊಂಡ ಎಂದರೆ ನಾನೇ ಇರಬೇಕು.

ಆ ಸಂಜೆಯ ಜಗಳವೂ ಅಂಥದ್ದೇ. ಹೆಡ್ ಮಾಸ್ತರರು ಕೂಗಿ ಕೂಗಿ ಸುಸ್ತಾಗಿ ಬಸ್ಸಿನ ಕಡೆ ಹೋದರು. ಮಕ್ಕಳ ಮುಖ ನನ್ನ ಎತ್ತರಕ್ಕೇ ಬರುತ್ತದೆ. ಎರಡು ಜಡೆಯ ಒಂದು ಹುಡುಗಿ, ದ್ಯಾಮವ್ವ, ಗೇಟಿನ ಸರಳಿಗೆ ಹಣೆ ಒತ್ತಿ ನಿಂತು, "ಏ ಕೀಲಿ, ತೆಗಿಯೋ" ಎಂದಳು. ನಾನು ತೆರೆಯಬಲ್ಲೆನೆ? ಹಿಂದೆ ನಿಂತಿದ್ದ ಕಸ್ತೂರಿ ಅಕ್ಕೋರು, ಅವರ ಶಾಲೆಯ ಇತಿಹಾಸದ ಟೀಚರು, ಅವಳ ಹೆಗಲ ಮೇಲೆ ಕೈಯಿಟ್ಟು, "ಬಾರವ್ವ. ತಪ್ಪು ಕೀಲಿದಲ್ಲ, ನಮ್ದು. ಮುಂದಿನ ವರ್ಷ ನಾ ನಿನಗ ತೋರಿಸ್ತೀನಿ" ಎಂದರು. ಕೈಗೆ ಸೀಮೆಸುಣ್ಣ ಮೆತ್ತಿತ್ತು.

ಇಂಥ ಮಾತು ಎಷ್ಟು ಕೇಳಿಲ್ಲ ಎಂದುಕೊಂಡೆ.

ಮುಂದಿನ ನವೆಂಬರಿನ ಒಂದು ಭಾನುವಾರ ಅದೇ ಸೀಮೆಸುಣ್ಣದ ಕೈ ಬಂತು. ಅಕ್ಕೋರು ಒಬ್ಬರೇ, ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲೊಂದು ನೋಟುಬುಕ್ಕು. ಭರಮಪ್ಪ ಗುರುತು ಹಿಡಿದ.

"ಮತ್ತ ಜಗಳಾಡಾಕ ಬಂದ್ರೇನ್ರೀ ಅಕ್ಕೋರ?"

"ಇಲ್ಲಪಾ, ಕೇಳಾಕ ಬಂದೀನಿ. ಹುಡುಗೂರನ್ನ ಯಾವಾಗ ಕರ್ಕೊಂಡು ಬರ್ಲಿ?"

ಭರಮಪ್ಪನ ಕೈ ಉಡಿದಾರದ ಮೇಲೆ ಹಾಗೇ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಮೊದಲೇ ಬಂದು ಕೇಳಿರಲಿಲ್ಲ. ಅವನು ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದ. ಮಂಟಪದ ಚಾವಣಿಯ ತುಂಬ ಕೆತ್ತನೆ ಇದೆಯಂತೆ, ಆನೆ, ಹಂಸ, ಕುಣಿಯುವವರು. ಆದರೆ ಅಲ್ಲಿ ದಿನವಿಡೀ ಕತ್ತಲು. ಡಿಸೆಂಬರಿನಲ್ಲಿ ಮಾತ್ರ, ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ತನಕ, ಬಿಸಿಲು ಕಲ್ಲಿನ ಕಿಂಡಿಯಿಂದ ಹೊಂಡದ ನೀರಿಗೆ ಬಿದ್ದು, ನೀರಿನಿಂದ ಚಾವಣಿಗೆ ಏಳುತ್ತದಂತೆ. ನೀರು ಅಲ್ಲಾಡಿದಂತೆ ಮೇಲಿನ ಆನೆಗಳು ನಡೆಯುತ್ತವಂತೆ.

"ಅರ್ಧ ತಾಸು, ಅಷ್ಟಽ. ಆಮ್ಯಾಲ ಬಂದ್ರ ಬಾವಲಿ ವಾಸ್ನಿ. ಎಂಟೂವರಿಗೆ ಬರ್ರಿ. ನಾ ತೆಗೀಲಿಲ್ಲಂದ್ರ ಭರಮಪ್ಪ ಅಂತ ಕರೀಬ್ಯಾಡ್ರಿ ನನ್ನ."

ಅಕ್ಕೋರು ಎಲ್ಲ ಬರೆದುಕೊಂಡರು. ಕಂಬದ ಮಂಟಪದ ಟಿಕೆಟ್ ಕಿಟಕಿ ಏಳಕ್ಕೆ ತೆರೆಯುತ್ತದೆ, ಅಲ್ಲಿಂದ ಇಲ್ಲಿಗೆ ಮಕ್ಕಳ ನಡಿಗೆಯಲ್ಲಿ ಐವತ್ತು ನಿಮಿಷ. ತಾವೇ ನಡೆದು ನೋಡಿದರು. ಏಳು ಊರನ್ನು ಎರಡಕ್ಕೆ ಇಳಿಸಲು ಹೆಡ್ ಮಾಸ್ತರರ ಜೊತೆ ಹದಿನೈದು ದಿನ ಜಗಳವಾಡಿದರಂತೆ. ಈ ಸಲ ಒಲೆ ಇಲ್ಲ, ಪಾತ್ರೆ ಇಲ್ಲ, ಮನೆಯಿಂದಲೇ ರೊಟ್ಟಿ ಚಟ್ನಿ. ಹಿಂದಿನ ದಿನವೇ ಬಂದು ಪಕ್ಕದ ಊರಿನ ಶಾಲೆಯಲ್ಲಿ ಉಳಿಯುವುದು.

ಡಿಸೆಂಬರಿನ ಆ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಮಕ್ಕಳು ಗೇಟಿನ ಮುಂದೆ ಸಾಲಾಗಿ ನಿಂತಿದ್ದರು. ಟಿಕೆಟ್ ಇತ್ತು. ಅವತ್ತಿನದೇ ತಾರೀಕು ಇತ್ತು. ಹೊತ್ತೂ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಇದೆಲ್ಲ ಒಟ್ಟಿಗೆ ನನ್ನ ಮುಂದೆ ನಿಂತದ್ದು ಅದೇ ಮೊದಲು. ಮುಂದೆ ನಿಂತಿದ್ದವಳು ದ್ಯಾಮವ್ವ. ಒಂದು ವರ್ಷದಲ್ಲಿ ನನಗಿಂತ ಒಂದು ಗೇಣು ಎತ್ತರವಾಗಿದ್ದಳು.

ಭರಮಪ್ಪ ಕೀಲಿಕೈ ಬಿಚ್ಚಿ ನನ್ನ ಬಾಯಿಗೆ ಇಟ್ಟ. ಅಷ್ಟರಲ್ಲಿ ಜೀಪು ಬಂತು. ಕಚೇರಿಯ ಸಾಹೇಬ ಇಳಿದ. ಅವನ ಕೈಯಲ್ಲಿ ಗುಲಾಬಿ ಹಾರವಿತ್ತು.

"ಏ ಭರಮ್ಯಾ, ತೆಗೀಬ್ಯಾಡ. ದೊಡ್ಡವರ ಮನಿಯವ್ರು ಬರಾಕತ್ಯಾರ. ಅವ್ರು ನೋಡಿ ಹೋಗೂತನ ಯಾರ್ನೂ ಬಿಡಬ್ಯಾಡ."

"ಎಷ್ಟೊತ್ತಿಗೆ ಬರ್ತಾರ್ರಿ?"

"ಎಂಟಕ್ಕ ಅಂದಿದ್ರು. ಇನ್ನೂ ಮಲಕೊಂಡಾರಂತ."

"ಸಾಹೇಬ್ರ, ಈ ಹುಡುಗೂರು ಟಿಕೆಟ್ ತಗೊಂಡ್ ಟೈಮಿಗೆ ಬಂದಾರ್ರಿ. ನಾನಽ ಹೇಳಿ ಕರಸೀನಿ."

"ನೀ ಯಾವಾಗಿಂದ ಕರಸಾಂವ ಆದ್ಯೋ? ನಿನ್ನ ಕಾಯಂ ಕಾಗದ ನನ್ನ ಮೇಜಿನ ಮ್ಯಾಲೈತಿ. ಈ ಸೋಮವಾರ ಸಹಿ ಮಾಡಂವ ನಾನು. ನೆನಪಿರ್ಲಿ."

ಕೀಲಿಕೈ ನನ್ನ ಬಾಯಲ್ಲೇ ಇತ್ತು. ಭರಮಪ್ಪನ ಬೆರಳು ಅದನ್ನು ಬಿಡಲಿಲ್ಲ. ಎಂಟೂವರೆಯಾಯಿತು. ಎಂಟು ಮೂವತ್ತೈದು. ಅಕ್ಕೋರು ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ನೋಟುಬುಕ್ಕು ತೆರೆದು ಆ ದಿನದ ಪುಟ ನೋಡಿದರು, ಮುಚ್ಚಿದರು. ದ್ಯಾಮವ್ವ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಅಕ್ಕೋರ, ಈ ಸಲಾನೂ ತಪ್ಪು ನಮ್ದೇನ್ರಿ?"

ಎಂಟು ನಲವತ್ತು. ಕೀಲಿಕೈ ತಿರುಗಿತು. ಏಳೂ ಲಿವರು ಒಟ್ಟಿಗೆ ಎದ್ದವು. ಅಷ್ಟು ಹಗುರವಾಗಿ ನಾನು ಯಾವತ್ತೂ ತೆರೆದುಕೊಂಡಿರಲಿಲ್ಲ.

"ಓಡ್ರಿ! ಇನ್ನಾ ಇಪ್ಪತ್ತ ಮಿನಿಟ್ ಐತಿ, ಓಡ್ರಿ!"

ಸಾಹೇಬ ‘ಏಯ್’ ಎನ್ನುವಷ್ಟರಲ್ಲಿ ಮಕ್ಕಳು ನುಗ್ಗಿದರು. ಒಳಗಿಂದ ಕಾಲು ಸಪ್ಪಳ, ಗದ್ದಲ. ಗದ್ದಲದ ನಡುವೆ ಒಂದು ದನಿ: "ಯವ್ವಾ, ಆನಿ ನಡ್ಯಾಕತ್ತೈತಿ!"

ದೊಡ್ಡವರ ಮನೆಯವರು ಬಂದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಐದು ನಿಮಿಷದಲ್ಲಿ ಹೊರಬಂದರು. ಉಂಗುರ ತುಂಬಿದ ಒಂದು ಕೈ ಕರವಸ್ತ್ರದೊಂದಿಗೆ ಮೂಗಿನ ಕಡೆ ಏರಿತು. "ಬರೀ ಕತ್ತಲು ಕಣ್ರೀ, ಇದಕ್ಕೇನಾ ಇಷ್ಟು ದೂರ ಬಂದಿದ್ದು?" ಅವರ ಕಾರು ಮರೆಯಾಗುವ ತನಕ ಸಾಹೇಬ ಕೈಮುಗಿದೇ ನಿಂತಿದ್ದ. ಆಮೇಲೆ ತಿರುಗಿದ.

"ಹೊಲಸ ಮಾಡಿಟ್ಟಿ ಎಲ್ಲಾ. ಇನ್ನ ಆ ಕಾಗದ ಮರೆತುಬಿಡು."

"ಹತ್ತೊಂಬತ್ತು ವರ್ಷ ನೀವು ಮರೆತಿದ್ರಿ, ಈಗ ನಾ ಮರೀತೀನಿ ತಗೋರಿ."

ಭರಮಪ್ಪ ಅಭ್ಯಾಸದಂತೆ ಕೀಲಿಕೈ ಉಡಿದಾರಕ್ಕೆ ಕಟ್ಟಿದ. ಖಾಕಿ ಟೊಪ್ಪಿಗೆ ತೆಗೆದು ನನ್ನ ಕೊಂಡಿಗೆ ನೇತುಹಾಕಿದ. ಬಿಸಿಲಿನ ರಸ್ತೆಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ಆ ಸಂಜೆ ಗುಮಾಸ್ತನೊಬ್ಬ ಬಂದು, ಟೊಪ್ಪಿಗೆ ಎಸೆದು, ಗೇಟು ಎಳೆದು ನನ್ನನ್ನು ಒತ್ತಿದ. ಒತ್ತಿದ ಮೇಲೆ ಕಿಸೆ ತಡಕಿದ. ಮರುದಿನ ಬೆಳಿಗ್ಗೆ ನೂರು ಜನ ಗೇಟಿನ ಮುಂದೆ ನಿಂತರು. ಎಲ್ಲರ ಹತ್ತಿರ ಟಿಕೆಟ್ ಇತ್ತು, ಟೈಮೂ ಇತ್ತು, ಕೀಲಿಕೈ ಇರಲಿಲ್ಲ. ಹನ್ನೊಂದು ಗಂಟೆಗೆ ಕಬ್ಬಿಣ ಕೊಯ್ಯುವ ಬ್ಲೇಡು ತಂದು ನನ್ನ ಕೊಂಡಿ ಕೊಯ್ದರು.

ಈಗ ಕಂಬದ ಮಂಟಪದ ಟಿಕೆಟ್ ಕಿಟಕಿಯ ಹಿಂದಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಯ ಕೆಳಗೆ ಬಿದ್ದಿದ್ದೇನೆ. ಗೇಟಿಗೆ ಟಿಕೆಟ್ ತೋರಿಸಿದರೆ ಕುಂಯ್ ಎನ್ನುವ ಒಂದು ಯಂತ್ರ ಬಂದಿದೆಯಂತೆ. ಕಿಟಕಿಯಲ್ಲಿ ಜಗಳ ಮಾತ್ರ ಹಳೆಯದೇ. "ಬರೇ ಹತ್ತ ಮಿನಿಟ್ರಿ" ಎಂಬ ಮಾತು ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬೀಳುತ್ತದೆ.

ಕೀಲಿಕೈ ತರಲು ಆ ಬೆಳಿಗ್ಗೆ ಭರಮಪ್ಪನ ಮನೆಗೆ ಎರಡು ಸಲ ಆಳು ಕಳಿಸಿದ್ದರು, ಎರಡು ಸಲವೂ ಆಳು ಬರಿಗೈಲಿ ಬಂದ. ಅದು ಸೊಂಟದಲ್ಲಿರುವುದನ್ನು ಮರೆತೇ ಹೋದನೋ, ಬೇಕೆಂದೇ ಒಯ್ದನೋ, ಏಳು ಲಿವರು ತಿರುಗಿಸಿ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಹತ್ತೊಂಬತ್ತು ವರ್ಷ ಒಂದು ದಿನವೂ ಏನನ್ನೂ ಮರೆತವನಲ್ಲ. ಅವನು ಬಂದರೆ ನನ್ನ ಕುತ್ತಿಗೆ ಕೊಯ್ಯಿಸಿದ್ದಕ್ಕೆ ನಾಲ್ಕು ಮಾತು ಬೈಯಬೇಕು, ಆಮೇಲೆ ಆ ಆನೆಗಳು ನಿಜವಾಗಿ ಹೇಗೆ ನಡೆಯುತ್ತವೆ ಎಂದು ಕೇಳಬೇಕು.

ಐದು ಡಿಸೆಂಬರ್ ಕಳೆದವು. ಅವನು ಬಂದಿಲ್ಲ.