ಗೊತ್ತಿದ್ದವರು ಬಲಗೈ

ಪುಗ್ಗಾದ ರಬ್ಬರಿನ ವಾಸನೆ ಬೆರಳಿಗೆ ಹತ್ತಿದೆ, ಸೆರಗಿಗೆ ಎಷ್ಟು ಒರೆಸಿದರೂ ಹೋಗುತ್ತಿಲ್ಲ, ಕೆಂಪು ಪುಗ್ಗಾ ಬ್ಯಾಡ ಬಂಡೆಮ್ಮ, ಹಸಿರು ತಗೋ, ಪರೀಕ್ಷಕರ ಕಣ್ಣಿಗೆ ತಂಪು ಅಂದಿದ್ದಳು ಟ್ರೇನಿಂಗಿನ ಗೆಳತಿ ಹಾಜಿರಾ ಬೀ, ತಂಪಂತೆ, ಈ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷೆ ಇಟ್ಟ ಪುಣ್ಯಾತ್ಮ ಯಾರೋ, ಅವನನ್ನು ತಂದು ಈ ಪಡಸಾಲೆಯ ಕಾದ ಕಲ್ಲಿನ ಮೇಲೆ ಕೂಡಿಸಬೇಕು, ತೊಡೆಯ ಮೇಲೆ ಪಾಠ ಟಿಪ್ಪಣಿ, ಪಕ್ಕದಲ್ಲಿ ಬುತ್ತಿ ಡಬ್ಬಿ, ಡಬ್ಬಿಯೊಳಗೆ ರೊಟ್ಟಿಯ ಬದಲು ಊದುವ ಪುಗ್ಗಾ, ಆಗ ಗೊತ್ತಾಗುತ್ತದೆ ತಂಪು. ಒಳಗೆ ಮೂರನೇ ವರ್ಗದಲ್ಲಿ ಹಾಜಿರಾಳ ಪಾಠ ನಡೆದಿದೆ, ನೀರಿನ ಪಾಠ, ಅದು ಮುಗಿದ ಕೂಡಲೇ ನನ್ನನ್ನು ಕೂಗುತ್ತಾರೆ, ನಾನು ಹೋಗಿ ಗಾಳಿಯ ಪಾಠ ಮಾಡಬೇಕು, ಪಾಸಾದರೆ ಟಿ.ಸಿ.ಎಚ್. ಸರ್ಟಿಫಿಕೇಟು, ನಪಾಸಾದರೆ ನೌಕರಿಯೇ ಇಲ್ಲ, ತರಬೇತಿ ಇಲ್ಲದವರಿಗೆ ಇದೇ ಕೊನೆಯ ವರ್ಷ ಅಂತ ಆಫೀಸಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ – ಅವರ ಬಲ ನನ್ನ ಎಡ, ಅವರ ಎಡ ನನ್ನ ಬಲ, ಮರೆಯಬಾರದು, ಈ ಸಲ ಮಾತ್ರ ಮರೆಯಬಾರದು. ಹೋದ ವರ್ಷ ಇದರಲ್ಲಿಯೇ ಮುಗ್ಗರಿಸಿದ್ದು, ಪಾಠದಲ್ಲಲ್ಲ, ಪಾಠ ಯಾವ ದೊಡ್ಡ ಮಾತು, ಕೈಯಲ್ಲಿ, ಈ ಮಲಂಗಸಾಬ ಮಾಸ್ತರರ ಕೈ ಪುರಾಣದಲ್ಲಿ. ಇದು ಅವರ ವರ್ಗ, ವರ್ಷವಿಡೀ ನಮ್ಮಂಥವರು ಬಂದು ಇವರ ಮಕ್ಕಳ ಮೇಲೆಯೇ ಪಾಠ ಕಲಿಯುವುದು, ಹಜಾಮತಿ ಕಲಿಯುವವನಿಗೆ ಊರಿನ ತಲೆ ಕೊಟ್ಟ ಹಾಗೆ, ಅದಕ್ಕೇ ಅವರು ಮಕ್ಕಳಿಗೆ ಒಂದು ಯುಕ್ತಿ ಹೇಳಿಕೊಟ್ಟಿದ್ದಾರೆ, ನೋಡ್ರಿ ಮಕ್ಕಳಾ, ಗೊತ್ತಿದ್ದವರು ಬಲಗೈ ಎತ್ರಿ, ಗೊತ್ತಿಲ್ದವರು ಎಡಗೈ ಎತ್ರಿ, ಕೈ ಮಾತ್ರ ಎಲ್ಲಾರೂ ಎತ್ರಿ, ಹಿಂದ ಕುಂತ ಸಾಹೇಬ್ರಿಗೆ ವರ್ಗ ತುಂಬಿ ಕಾಣಬೇಕು. ಕಂಡಿತು, ಚೆನ್ನಾಗಿಯೇ ಕಂಡಿತು, ನಾನು ಬಲಗಡೆ ಕಂಡ ಕೈಯನ್ನೇ ನೋಡಿ ಒಬ್ಬಳನ್ನು ಎಬ್ಬಿಸಿದೆ, ಅವಳು ಬಾಯಿ ಬಿಡಲಿಲ್ಲ, ಇನ್ನೊಬ್ಬನನ್ನು ಎಬ್ಬಿಸಿದೆ, ಅವನು ನೆಲ ನೋಡಿದ, ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ ಅನ್ನುವುದು ಆ ಗಾಬರಿಯಲ್ಲಿ ಯಾರಿಗೆ ಹೊಳೆಯಬೇಕು, ಗೊತ್ತಿಲ್ಲದವರನ್ನೇ ಆರಿಸಿ ಆರಿಸಿ ಎಬ್ಬಿಸಿದೆ, ಪರೀಕ್ಷಕರು ಪೆನ್ನಿನ ಟೋಪಿ ಮುಚ್ಚಿಬಿಟ್ಟರು.

ಬೇರೆಯವರಿಗಾದರೆ ಇದು ಸಲೀಸು, ನನಗೆ ಹುಟ್ಟಿನಿಂದಲೇ ಎಡಬಲದ ಜಗಳ, ನಾನು ಎಡಚಿ, ಉಣ್ಣುವಾಗ ಎಡಗೈ ಮುಂದೆ ಬರುತ್ತದೆಂದು ಅಪ್ಪ ಮುದುಕಪ್ಪ ಕರಿ ಉಣ್ಣೆಯ ಹುರಿಯಿಂದ ಅದನ್ನು ನಡುವಿಗೆ ಕಟ್ಟಿ ಕೂಡಿಸುತ್ತಿದ್ದ, ಅದು ಕೈ ತೊಳಿಯೋ ಕೈ ಯವ್ವಾ, ಉಣ್ಣೋ ಕೈ ಅಲ್ಲ, ಕುರಿಗೆ ಹಾಕುವ ಗಂಟನ್ನೇ ನನಗೂ ಹಾಕುತ್ತಿದ್ದ, ಶಾಲೆಗೆ ಹೋದರೆ ಮಾಸ್ತರರು ಎಡಗೈ ಗೆಣ್ಣಿನ ಮೇಲೆ ರೂಲುಕಟ್ಟಿಗೆ, ಹೀಗಾಗಿ ನನಗೆ ಬಲಗೈ ಎಂದರೆ ಪೆಟ್ಟು ಬೀಳದ ಕೈ, ಇವತ್ತಿಗೂ ಹಾಗೆಯೇ ನೆನಪಿಟ್ಟುಕೊಳ್ಳುವುದು. ಇಲ್ಲಿ ಟ್ರೇನಿಂಗಿನಲ್ಲಿಯೂ ಅದೇ ಹಾಡು, ಬಂಡೆಮ್ಮನವರೇ, ಫಲಕದ ಮೇಲೆ ಎಡಗೈಯಿಂದ ಬರೆದರೆ ನೋಡಲು ಚಂದ ಕಾಣುವುದಿಲ್ಲ, ಸರಿ, ಬಲಗೈಯಿಂದ ಬರೆಯುತ್ತೇನೆ, ಕೋಳಿ ಕೆದರಿದ ಹಾಗೆ ಬರುತ್ತದೆ, ಅದು ಚಂದವೇನೋ. ನಾನು ಕಲಿಸುವ ಊರಿನ ಮಕ್ಕಳಿಗೆ ನಾನು ಯಾವ ಕೈಯಿಂದ ಬರೆದೆನೆಂದು ಯಾವತ್ತಾದರೂ ಕಂಡಿದೆಯೇ, ದೇವದುರ್ಗದಿಂದ ಬಸ್ಸು ಹಿಡಿದು ಆಮೇಲೆ ಹೊಳೆಯ ಕಡೆ ನಡೆಯಬೇಕು ಆ ಊರಿಗೆ, ಅಲ್ಲಿ ಕೈ ಎತ್ತುವ ಪದ್ಧತಿಯೇ ಇಲ್ಲ, ದೊಡ್ಡಿಯ ಬಾಗಿಲು ತೆರೆದ ಹಾಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ನಾನು ಹೇಳ್ತೀನ್ರಿ ಟೀಚರ್, ಇಲ್ಲ್ರೀ ಆಕಿ ಸುಳ್ಳ ಹೇಳಾಕತ್ತಾಳ್ರಿ, ಆ ಗದ್ದಲದಲ್ಲಿ ಕರೆಮ್ಮ, ಎರಡನೇ ವರ್ಗದ್ದು, ಮೂಗು ಸುರಿಯುವ ಪೋರಿ, ಗಾಳಿ ಕಾಣಂಗಿಲ್ಲಲ್ರೀ ಟೀಚರ್, ಮತ್ತ ಅದ ಅಂತ ನಿಮಗ ಹೆಂಗ ಗೊತ್ತಾತು? ಬೀಸುತ್ತದಲ್ಲ ಅಂದೆ, ಬೀಸಲಾರದಾಗ? ತಡಿಯವ್ವಾ, ಟ್ರೇನಿಂಗ್ ಮುಗಿಸಿ ಬಂದು ಹೇಳ್ತೀನಿ ಅಂದೆ, ದೊಡ್ಡ ಮಾತು ಆಡಿಬಿಟ್ಟೆ, ಟ್ರೇನಿಂಗಿನಲ್ಲಿ ಪೀಠಿಕೆ ಹೇಳಿಕೊಟ್ಟರು, ನಿರೂಪಣೆ ಹೇಳಿಕೊಟ್ಟರು, ಪುನರಾವರ್ತನೆ ಹೇಳಿಕೊಟ್ಟರು, ಫಲಕ ಒರೆಸುವಾಗ ಮೇಲಿನಿಂದ ಕೆಳಕ್ಕೆ ಒರೆಸಬೇಕು ಅನ್ನುವುದನ್ನೂ ಹೇಳಿಕೊಟ್ಟರು, ಕರೆಮ್ಮನ ಪ್ರಶ್ನೆಗೆ ಉತ್ತರವನ್ನು ಮಾತ್ರ ಯಾವ ಪುಣ್ಯಾತ್ಮನೂ ಹೇಳಿಕೊಡಲಿಲ್ಲ.

ಬಿಟ್ಟು ಬಾ ಅನ್ನುತ್ತಾನೆ ಗಂಡ, ಜಂಬಣ್ಣ, ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆಯ ಚಿಮಣಿ ಕಟ್ಟುವ ಕಂಟ್ರಾಕ್ಟರನ ಹತ್ತಿರ ಇದ್ದಾನೆ, ಆ ಸುಡುಗಾಡು ಪರೀಕ್ಷಾಕ ಯಾಕ ಬಡದಾಡ್ತಿ, ಬಾ, ಇಲ್ಲೇ ಶೆಡ್ಡಿನ್ಯಾಗ ಇರೂಣು, ಪ್ರೀತಿಯಿಂದಲೇ ಅನ್ನುತ್ತಾನೆ, ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ, ಬಿಟ್ಟರೆ ಆ ಶಾಲೆಯ ಗತಿ? ನನಗಿಂತ ಮೊದಲು ಒಬ್ಬ ಇದ್ದ, ಟ್ರೇನಿಂಗ್ ಆದವನು, ಎಲ್ಲ ಸರ್ಟಿಫಿಕೇಟು ಇದ್ದವನು, ಮನೆ ರಾಯಚೂರಿನಲ್ಲಿ, ಸಹಿ ಮಾಡಲು ಬರುತ್ತಿದ್ದ, ಶಾಲೆಯೊಳಗೆ ಯಾರೋ ಆಡು ಕಟ್ಟುತ್ತಿದ್ದರು, ನಾನು ಹೋದ ದಿನ ಮೊದಲು ಹಿಕ್ಕೆ ಬಳಿದೆ, ಆಮೇಲೆ ಅ ಆ ಬರೆಸಿದೆ, ನಾನು ನಪಾಸಾದರೆ ಮತ್ತೆ ಅಂಥವನೇ ಬರುತ್ತಾನೆ, ಮತ್ತೆ ಆಡು ಕಟ್ಟುತ್ತಾರೆ, ನನ್ನ ಕರೆಮ್ಮ ಆಡಿನ ಹಿಂದೆ ಹೋಗುತ್ತಾಳೆ. ಅವರ ಬಲ ನನ್ನ ಎಡ. ಒಳಗೆ ಚಪ್ಪಾಳೆ, ಹಾಜಿರಾ ಹೊರಗೆ ಬಂದಳು, ಹಣೆಯ ಬೆವರು ಒರೆಸುತ್ತ, ಮಾನ್ವಿಯ ಹುಡುಗಿ, ಮುಖದ ತುಂಬ ನಗು, ಸಲೀಸಾತು ನೋಡು, ನಿನ್ನೆ ಪೆಪ್ಪರಮಿಂಟು ಹಂಚಿ ಎಲ್ಲಾ ಉತ್ತರ ಬಾಯಿಪಾಠ ಮಾಡಿಸಿದ್ನಲ್ಲ, ಪಟಪಟ ಹೇಳಿದ್ವು, ನೀನೂ ಹೇಳಿಕೊಟ್ಟೀಯಿಲ್ಲೋ? ಇಲ್ಲ ಅಂದೆ. ಯಾ ಅಲ್ಲಾ, ಹುಚ್ಚಿ ಇದ್ದೀಯೇನ ನೀನು? ಇರಬಹುದು, ಹೇಳಿಕೊಡಲು ಹೋಗಿದ್ದೆ, ಬಾಗಿಲ ತನಕ ಹೋಗಿದ್ದೆ, ಹಾಗೇ ತಿರುಗಿ ಬಂದೆ, ಮಕ್ಕಳಿಗೆ ಉತ್ತರ ಮೊದಲು ಕೊಟ್ಟು ಪ್ರಶ್ನೆ ಆಮೇಲೆ ಕೇಳುವುದಾದರೆ ಟೀಚರು ಯಾಕೆ ಬೇಕು – ಬಂಡೆಮ್ಮ ಯಾರ್ರೀ, ಬರ್ರಿ ಒಳಗ.

ನಮಸ್ತೇ ಟೀಚರ್ ಅಂತ ರಾಗ ತೆಗೆದು ಎದ್ದರು, ಕುಳಿತರು, ಹಿಂದೆ ಗೋಡೆಗೆ ಕುರ್ಚಿ ಹಾಕಿಕೊಂಡು ಪರೀಕ್ಷಕರು, ಬಾಯಲ್ಲಿ ಎಲೆಅಡಿಕೆ, ಶುರು ಮಾಡ್ರಿ ಅಂತ ಗದ್ದ ಎತ್ತಿದರು, ಬಾಗಿಲ ಹತ್ತಿರ ಮಲಂಗಸಾಬ ಮಾಸ್ತರರು ನನಗೆ ಧೈರ್ಯ ಹೇಳುವ ಹಾಗೆ ತಮ್ಮ ಬಲಗೈ ತುಸು ಎತ್ತಿ ತೋರಿಸಿದರು, ನೆನಪಿದೆ ಮಾಸ್ತರ್ರೇ, ಅವರ ಬಲ ನನ್ನ ಎಡ, ಪೀಠಿಕೆ, ಮೊದಲು ಪೀಠಿಕೆ, ಪಾಠದ ಹೆಸರು ನಾನು ಹೇಳಬಾರದು, ಒಂದೊಂದೇ ಪ್ರಶ್ನೆ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು, ಮಕ್ಕಳೇ, ಮರದ ಎಲೆಗಳು ಏಕೆ ಅಲುಗಾಡುತ್ತವೆ ಎನ್ನಬೇಕು, ಅದಕ್ಕೆ ಮೊದಲು ಡಬ್ಬಿ ಮೇಜಿನ ಮೇಲಿಟ್ಟೆ, ಬರೀ ಇಟ್ಟೆ, ಮುಚ್ಚಳ ಕೂಡ ತೆಗೆದಿಲ್ಲ, ಇಡೀ ವರ್ಗ ಒಂದೇ ದನಿಯಲ್ಲಿ ಗಾಳಿ! ಎಂದು ಚೀರಿತು. ಅಯ್ಯೋ ನಿಮ್ಮ ಬಾಯಿಗಿಷ್ಟು, ಎಲ್ಲರೂ ಗಾಳಿಯ ಪಾಠವನ್ನೇ ಮಾಡುತ್ತಾರೆ, ಪುಗ್ಗಾ ಅಗ್ಗ ಅಂತ, ಡಬ್ಬಿ ಕಂಡರೆ ಪುಗ್ಗಾ, ಪುಗ್ಗಾ ಕಂಡರೆ ಗಾಳಿ, ನಾನೊಬ್ಬಳು ಹೇಳಿಕೊಡದೆ ಬಿಟ್ಟರೇನು, ಊರೆಲ್ಲ ಹೇಳಿಕೊಟ್ಟಿದೆ, ಪೀಠಿಕೆ ಮುಗಿಯಿತು, ಶುರುವಾಗುವ ಮೊದಲೇ ಮುಗಿಯಿತು, ಪರೀಕ್ಷಕರ ದವಡೆ ನಿಂತಿದೆ, ಪೆನ್ನಿನ ಟೋಪಿ ಕೈಯಲ್ಲಿದೆ, ಮುಚ್ಚುತ್ತಾರೆ, ಈಗ ಮುಚ್ಚುತ್ತಾರೆ, ನಾನು ಪುಗ್ಗಾ ತೆಗೆದೆ, ಸಿಟ್ಟಿನಲ್ಲಿಯೇ ಊದಿದೆ, ಕೆನ್ನೆ ನೋಯುವಷ್ಟು ಊದಿ ಅದರ ಬಾಯಿ ಚಿವುಟಿ ಹಿಡಿದು ಮೇಲೆತ್ತಿದೆ, ಬಾಯಿಗೆ ಬಂದದ್ದು ಟಿಪ್ಪಣಿಯಲ್ಲಿ ಇಲ್ಲದ ಮಾತು, ಪುಸ್ತಕದ ಭಾಷೆಯೂ ಅಲ್ಲ, ಗಾಳಿ ಕಾಣಂಗಿಲ್ಲ, ಹಿಡಿದ್ರ ಸಿಗಂಗಿಲ್ಲ, ಮತ್ತ ಇದ್ರಾಗ ಇರೋದು ಗಾಳೀನ ಅಂತ ನಿಮಗ ಹೆಂಗ ಗೊತ್ತಾತು?

ಗಾಳಿ ಎಂದು ಚೀರಿದವರೆಲ್ಲ ಕತ್ತೆತ್ತಿ ಪುಗ್ಗಾ ನೋಡುತ್ತಿದ್ದಾರೆ, ಮೊದಲ ಸಲ ನೋಡುವ ಹಾಗೆ, ಆಮೇಲೆ ಮುಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಇನ್ನೊಂದು, ಹಿಂದಿನ ಸಾಲಿನಲ್ಲಿ, ಕಿಟಕಿಯ ಹತ್ತಿರ, ಎಲ್ಲರೂ, ಒಬ್ಬರೂ ಉಳಿಯದೆ, ನೆಟ್ಟಗೆ, ಭೇಷ್ ಭೇಷ್ ಅಂತ ಪರೀಕ್ಷಕರು ಹಿಂದಿನಿಂದ ತಲೆಯಾಡಿಸುತ್ತಿದ್ದಾರೆ, ವರ್ಗ ಎಷ್ಟು ಚುರುಕದ, ಯಾರನ್ನರ ಒಬ್ಬರನ್ನ ಎಬ್ಬಿಸ್ರಿ ಟೀಚರ್, ಎಬ್ಬಿಸಬೇಕು, ಯಾರನ್ನು, ಅವರ ಬಲ ನನ್ನ ಎಡ, ಎಡಕ್ಕೆ ಹುಡುಕುತ್ತೇನೆ, ಒಂದಾದರೂ, ಕರೆಮ್ಮಾ, ಒಂದಾದರೂ, ಇಲ್ಲ, ಎಲ್ಲ ಬಲಕ್ಕಿವೆ, ನಾಚಿಕೆ ಇಲ್ಲದೆ, ಹೆದರಿಕೆ ಇಲ್ಲದೆ, ಎಬ್ಬಿಸ್ರಿ ಟೀಚರ್, ಎಲ್ಲ ಎಡಗೈ, ಇಡೀ ವರ್ಗ ಎಡಗೈ, ಮತ್ತು ಎಲ್ಲಕ್ಕಿಂತ ಮೇಲೆ, ಪುಗ್ಗಾ ಹಿಡಿದು ನಿಂತ ನನ್ನದು – ಎಡಗೈ.