ಅವಳು ಓದಿದ ಭೂಗೋಳ

ಸೋಮವಾರ ಬೆಳಿಗ್ಗೆ ನಾನು ಲೈಬ್ರೇರಿಯನ್ ಆಗಿರುವ ಕಾಲೇಜಿಗೆ ಹೊರಟಾಗ ಹೆಂಡತಿ ಒಂದು ಕಪ್ಪು ಬಟ್ಟೆಯ ತುಂಡನ್ನು ನನ್ನ ಮುಖದ ಮುಂದೆ ಹಿಡಿದಳು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: “ಲೈಬ್ರರಿಯಲ್ಲಿ ನಾನು ಓದಿದ್ದು ಹನ್ನೊಂದು ಗಂಟೆಯಷ್ಟು ರೆಕಾರ್ಡಿಂಗ್ ಇದೆಯಲ್ಲ. ಇವತ್ತು ತನ್ನಿ.”

“ಆಯ್ತು, ತರ್ತೀನಿ” ಎಂದೆ. ಅದು ಸುಳ್ಳು. ಆ ಹನ್ನೊಂದು ಗಂಟೆಯನ್ನು ಎರಡು ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಅಳಿಸಿಹಾಕಿದ್ದೆ.

ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಒಂದು ನಿಲುವುಗನ್ನಡಿ. ಅಳತೆ ಕೊಡಲು ಬಂದವರು ಅರ್ಧ ಗಂಟೆಗೆ ಮೊದಲು ಎದ್ದು ಹೋಗಿದ್ದನ್ನು ನಾನು ಕಂಡಿಲ್ಲ. ಟೇಪು ಕೊರಳಲ್ಲಿ, ಗುಂಡುಸೂಜಿ ತುಟಿಯಲ್ಲಿ, ಅದರ ಸಂದಿನಿಂದಲೇ ಮಾತು. ‘ಬಾಯಿಗೆ ಬೀಗ ಬೇಡವಾ ನಿನಗೆ?’ ಎಂದು ಇಪ್ಪತ್ತಾರು ವರ್ಷ ರೇಗಿಸಿದೆ. ಎರಡು ತಿಂಗಳ ಹಿಂದೆ ಗಂಟಲಿನ ಗಡ್ಡೆ ಉಸಿರನ್ನೇ ಕಟ್ಟಿಸಿತು. ಯೋಚನೆ ಮಾಡಲೂ ಸಮಯ ಕೊಡದೆ ಡಾಕ್ಟರು ಧ್ವನಿಪೆಟ್ಟಿಗೆಯನ್ನು ತೆಗೆದರು. ಈಗ ಅವಳು ಕತ್ತಿನಲ್ಲಿರುವ ಒಂದು ತೂತಿನಿಂದ ಉಸಿರಾಡುತ್ತಾಳೆ, ಬಟ್ಟೆಯ ಮೇಲೆ ಮಾತಾಡುತ್ತಾಳೆ.

ಆಸ್ಪತ್ರೆಯವರು ಒಂದು ಮಾತಾಡುವ ಯಂತ್ರ ಕೊಟ್ಟಿದ್ದರು. ಬೆರಳಿನಿಂದ ಬರೆದರೆ ಅದು ಓದಿ ಹೇಳುತ್ತದೆ. ಅದರೊಳಗಿನ ಹೆಂಗಸು ರೈಲು ತಡವಾಗಿದೆ ಎಂದು ಸಾರುವವಳ ಹಾಗೆ “ತೋಳು ಬಿಗಿಯಾಯಿತೇ?” ಎಂದು ಕೇಳಿದಾಗ ರವಿಕೆಗೆ ಬಂದಿದ್ದ ಪಕ್ಕದ ಮನೆಯಾಕೆಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಯಂತ್ರವನ್ನು ಗುಂಡಿ ಡಬ್ಬಿಗಳ ಖಾನೆಗೆ ತಳ್ಳಿ “ಇದು ನಾನಲ್ಲ” ಎಂದು ಬರೆದಳು. ಆ ದಿನದಿಂದ ಗಿರಾಕಿ ಬಂದರೆ ಒಳಗೆ ಹೋಗಿ ಕೂರಲು ಶುರು ಮಾಡಿದಳು. ಹೊಲಿಗೆ ನಿಂತಿತು. ಊಟವೂ ಅಷ್ಟಕ್ಕಷ್ಟೇ.

ಆಗ ಆಸ್ಪತ್ರೆಯ ಧ್ವನಿ ತರಬೇತಿಯ ಮೇಡಂ ಒಂದು ದಾರಿ ಹೇಳಿದರು. “ಮೊದಲಿನ ಧ್ವನಿ ರೆಕಾರ್ಡ್ ಆಗಿರೋದು ಇದ್ರೆ ತನ್ನಿ. ಸ್ಪಷ್ಟವಾಗಿ ಓದಿರೋದು ಇಪ್ಪತ್ತು ನಿಮಿಷ ಸಾಕು, ಯಂತ್ರ ಅವರ ಧ್ವನೀಲೇ ಮಾತಾಡೋ ಹಾಗೆ ಮಾಡ್ತಾರೆ. ಯಂತ್ರದ ಕಂಪನಿಯವರು ಶನಿವಾರ ಬರ್ತಾರೆ. ಆಮೇಲೆ ಯಾವಾಗ ಬರ್ತಾರೋ ಗೊತ್ತಿಲ್ಲ.” ಇಪ್ಪತ್ತು ನಿಮಿಷ ಎಂದಾಗ ಹೆಂಡತಿ ನಕ್ಕಳು. ಸದ್ದಿಲ್ಲದ ನಗು. ನನ್ನ ಕಡೆ ಕೈ ತೋರಿಸಿದಳು. ಇವರ ಹತ್ತಿರ ಹನ್ನೊಂದು ಗಂಟೆ ಇದೆ ಎನ್ನುವ ಹೆಮ್ಮೆ.

ಬೇರೆಲ್ಲೂ ಅವಳ ಧ್ವನಿ ಇರಲಿಲ್ಲ. ನಮ್ಮ ಮನೆಗೆ ಸ್ಮಾರ್ಟ್ ಫೋನ್ ಬಂದದ್ದೇ ಅವಳ ಮಾತು ಹೋದ ಮೇಲೆ. ಅವಳ ತಂಗಿಯ ಮದುವೆಯ ವಿಡಿಯೋದಲ್ಲಿ ಬಾಯಿ ತುಂಬ ಮಾತಾಡುತ್ತಾಳೆ, ಆದರೆ ಪುಣ್ಯಾತ್ಮ ವಿಡಿಯೋದವನು ಅದರ ಮೇಲೆ ಶುರುವಿನಿಂದ ಕೊನೆಯವರೆಗೂ ಶಹನಾಯಿ ಸುರಿದಿದ್ದಾನೆ.

ಒಂಬತ್ತು ವರ್ಷದ ಹಿಂದೆ ಕಣ್ಣು ಕಾಣದ ಆರು ಮಂದಿ ವಿದ್ಯಾರ್ಥಿನಿಯರು ನಮ್ಮ ಕಾಲೇಜು ಸೇರಿದ್ದರು. ಅವರಿಗಾಗಿ ನಾನು ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ ಕಾರ್ಯಕ್ರಮ ಶುರು ಮಾಡಿದೆ. ಓದಲು ಊರವರು ಯಾರು ಬೇಕಾದರೂ ಬರಬಹುದು ಎಂದು ಬೋರ್ಡು ಹಾಕಿದೆ. ಹದಿನೈದು ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಇವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಬಂದಳು. ಹಳೆಯ ಪತ್ರಿಕೆ ತುಂಬುವ ಕೋಣೆಯ ಗೋಡೆಗಳಿಗೆ ಹೊರಗಿನ ಸದ್ದು ಬರದಂತೆ ತಾನೇ ಹೊಲಿದ ಕೌದಿಗಳನ್ನು ತೂಗುಹಾಕಿ, ನಾಲ್ಕು ತಿಂಗಳು ಕೂತು ಭೂಗೋಳದ ಪುಸ್ತಕ ಪೂರ್ತಿ ಓದಿದಳು.

ಅವಳ ಓದು ನನಗೆ ಹಿಡಿಸುತ್ತಿರಲಿಲ್ಲ. ಇದ್ದದ್ದನ್ನು ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನು ಮಾಡಲಿ. ಅಲ್ಲಲ್ಲಿ ನಿಲ್ಲಿಸುತ್ತಿದ್ದಳು, ನಗುತ್ತಿದ್ದಳು, ಪುಸ್ತಕದಲ್ಲಿಲ್ಲದ್ದನ್ನು ಸೇರಿಸುತ್ತಿದ್ದಳು. ಎರಡು ವರ್ಷದ ಹಿಂದೆ ಪಠ್ಯ ಬದಲಾಯಿತು, ಡಿಸ್ಕಿನಲ್ಲಿ ಜಾಗ ತುಂಬಿತು. ನಾಟಕದಲ್ಲಿ ಪಾತ್ರ ಮಾಡುವ ಒಬ್ಬಾಕೆ ಹೊಸ ಪುಸ್ತಕವನ್ನು ಸೊಗಸಾಗಿ ಓದಿಕೊಟ್ಟಳು. ಹಳೆಯದನ್ನು ರದ್ದು ಪಟ್ಟಿಗೆ ಸೇರಿಸಿ, ಕಾರಣದ ಜಾಗದಲ್ಲಿ ‘ಪುಸ್ತಕದಲ್ಲಿಲ್ಲದ ಮಾತು ಹೆಚ್ಚು’ ಎಂದು ಬರೆದು, ಗುಂಡಿ ಒತ್ತಿದೆ. ಮನೆಯಲ್ಲಿ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅನ್ನಿಸಿರಲೂ ಇಲ್ಲ.

ಆ ವಾರ ನಮ್ಮ ಗ್ರಂಥಾಲಯ ಸಪ್ತಾಹ. ಎಂಟು ಮೇಜಿನ ಒಂದು ಹಾಲು ನಮ್ಮದು, ಆದರೂ ವರ್ಷಕ್ಕೊಮ್ಮೆ ಸಡಗರ ಜೋರು. ಸೋಮವಾರ ಹೊಸ ಪುಸ್ತಕಗಳನ್ನು ಮೇಜಿನ ಮೇಲೆ ಒಪ್ಪ ಮಾಡುವ ಕೆಲಸವನ್ನು ಸಹಾಯಕಿಗೆ ಬಿಟ್ಟು, ಡಿಸ್ಕನ್ನು ಬಗಲಲ್ಲಿ ಇಟ್ಟುಕೊಂಡು ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದೆ. ಅವನು ಮೂರು ಗಂಟೆ ತಡಕಾಡಿ ತಲೆ ಅಲ್ಲಾಡಿಸಿದ.

“ಸರ್, ಇದರ ಮೇಲೆ ಮತ್ತೆ ಮತ್ತೆ ತುಂಬಿಸಿದೀರಿ. ಸುಟ್ಟ ಕಾಗದ ತಂದು ಓದಿಕೊಡು ಅಂದ್ರೆ ಹೇಗೆ ಸರ್?”

ಸಂಜೆ ಹೆಂಡತಿ ಬಾಗಿಲಲ್ಲೇ ಇದ್ದಳು. ಬಟ್ಟೆಯ ಮೇಲೆ ಒಂದೇ ಪದ: “ತಂದ್ರಾ?”

“ಸಪ್ತಾಹದ ಗಲಾಟೆ ಕಣೇ. ನಾಳೆ.”

ಮಂಗಳವಾರ ಹತ್ತು ವರ್ಷದ ಚಟುವಟಿಕೆಗಳ ಪ್ರದರ್ಶನ. ಕೌದಿಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಓದುತ್ತಿರುವ ಅವಳ ಫೋಟೋ ಎಲ್ಲೋ ಮೂಲೆಯಲ್ಲಿ ಇರಬೇಕಾದದ್ದು. ಅದನ್ನು ದೊಡ್ಡದು ಮಾಡಿಸಿ ಬಾಗಿಲ ಎದುರಿಗೇ ಹಚ್ಚಿದೆ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಈ ಭೂಗೋಳದ ರೆಕಾರ್ಡಿಂಗ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು, ದಯವಿಟ್ಟು ತಿಳಿಸಿ.’ ಜೊತೆಗೆ ನನ್ನ ನಂಬರು.

ಉದ್ಘಾಟನೆಗೆ ಬಂದ ಪ್ರಿನ್ಸಿಪಾಲರು ಅದರ ಮುಂದೆ ನಿಂತರು. “ಏನ್ರೀ ಇದು? ಪ್ರದರ್ಶನವೋ, ಕಾಣೆಯಾದವರ ಪ್ರಕಟಣೆಯೋ?”

“ಕಾಣೆಯಾದವರದ್ದೇ ಸರ್” ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ ಮುಂದಿನ ಬೋರ್ಡಿಗೆ ಸರಿದರು. ಆ ಇಡೀ ದಿನ ನೂರಾರು ಜನ ಬಂದರು, ಫೋಟೋ ನೋಡಿದರು. “ಪಾಪ, ಎಷ್ಟು ಚೆನ್ನಾಗಿ ನಗ್ತಿದಾರೆ” ಎಂದರು. ಹೋದರು.

ಬುಧವಾರ ಬೀದಿಯ ಮಕ್ಕಳಿಗೆ ಪುಸ್ತಕದೊಳಗೆ ಇಡುವ ಪುಟಗುರುತು ಮಾಡುವ ಶಿಬಿರ. ಹಾಲಿನ ತುಂಬ ಅಂಟು, ಬಣ್ಣದ ಕಾಗದ, ಕೂಗಾಟ. ನಾನು ಒಳಗಿನ ಕೋಣೆಯಲ್ಲಿ ಹಳೆಯ ಎರವಲು ದಾಖಲೆಯ ಪುಸ್ತಕ ಹಿಡಿದು, ಆ ರೆಕಾರ್ಡಿಂಗ್ ಒಯ್ದಿದ್ದ ಹತ್ತೊಂಬತ್ತು ಜನರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಹನ್ನೊಂದು ನಂಬರು ಸತ್ತಿದ್ದವು. ಉಳಿದವರಲ್ಲಿ ಒಬ್ಬಳ ಹಳೆಯ ಫೋನು ನೀರಿಗೆ ಬಿದ್ದಿತ್ತು, ಇನ್ನೊಬ್ಬಳದ್ದು ಕಳವಾಗಿತ್ತು. ಒಬ್ಬಳಂತೂ “ಲೈಬ್ರರಿಯಲ್ಲಿ ಇರುತ್ತಲ್ಲ ಅಂತ ನಾನು ಇಟ್ಕೊಳ್ಳಲಿಲ್ಲ ಸರ್” ಎಂದಳು. ಎಲ್ಲರ ಹತ್ತಿರವೂ ‘ಬೇರೆ ಯಾರಿಗಾದ್ರೂ ಗೊತ್ತಿದ್ರೆ ನನ್ನ ನಂಬರ್ ಕೊಡಮ್ಮ’ ಎಂದು ಅಂಗಲಾಚಿದೆ.

ಅವತ್ತು ಸಂಜೆ ಹೆಂಡತಿ ಖಾನೆಯಿಂದ ಆ ಯಂತ್ರ ಹೊರಗೆ ತೆಗೆದು, ಒರೆಸಿ, ಚಾರ್ಜಿಗೆ ಹಾಕಿದ್ದಳು. ತನ್ನ ಧ್ವನಿಗೆ ಮನೆ ಗುಡಿಸಿ ಇಟ್ಟುಕೊಂಡ ಹಾಗೆ. ಪಕ್ಕದ ಮನೆಯಾಕೆಯ ರವಿಕೆಯನ್ನೂ ಮತ್ತೆ ಕೈಗೆತ್ತಿಕೊಂಡಿದ್ದಳು.

ಗುರುವಾರ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹಾಲಿನಲ್ಲಿ ಪುಸ್ತಕ ವಿನಿಮಯ ನಡೆಯುತ್ತಿರುವಾಗ, ಎದ್ದು ನಾದಿನಿಯ ಮನೆಗೆ ಹೋದೆ. ಅಕ್ಕತಂಗಿಯರ ಧ್ವನಿ ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಎಷ್ಟೋ ಸಲ ನಾನೇ ಮೋಸ ಹೋಗಿದ್ದೇನೆ. ಅಳಿಸಿದ್ದು, ಸುಳ್ಳು ಹೇಳಿದ್ದು ಎಲ್ಲ ಹೇಳಿ, ಹಳೆಯ ಭೂಗೋಳವನ್ನು ಅವಳ ಮುಂದಿಟ್ಟೆ.

“ಇಪ್ಪತ್ತು ನಿಮಿಷ ಓದಮ್ಮ. ಅಷ್ಟೇ. ಯಾರಿಗೂ ಗೊತ್ತಾಗಲ್ಲ.”

ಅವಳು ಪುಸ್ತಕ ಮುಟ್ಟಲೂ ಇಲ್ಲ. “ಭಾವ, ಊರಿಗೆಲ್ಲ ಗೊತ್ತಾಗದೆ ಇರಬಹುದು. ಅಕ್ಕನಿಗೆ ತನ್ನ ಧ್ವನಿ ಗೊತ್ತಾಗಲ್ವಾ?”

“ಮತ್ತೆ ನಾನೇನು ಮಾಡ್ಲಿ, ಹೇಳು!” ಎಂದು ಕೂಗಿದೆ. ಅವಳ ಮನೆಯಲ್ಲಿ, ಅವಳ ಮೇಲೆ.

“ಅಳಿಸಿದ್ದು ನಾನೇ ಅಂತ ಹೇಳಿ. ದಿನಾ ‘ನಾಳೆ ನಾಳೆ’ ಅಂತ ಯಾಕೆ ಸಾಯಿಸ್ತೀರಿ ಅವಳನ್ನ?”

ಪುಸ್ತಕ ಎತ್ತಿಕೊಂಡು ಬಂದೆ.

ಶುಕ್ರವಾರ ಹಳೆಯ ವಿದ್ಯಾರ್ಥಿಗಳ ಕೂಟ. ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಬಿಳಿ ಕೋಲು ಹಿಡಿದ ಒಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಆ ಆರು ಮಂದಿಯಲ್ಲಿ ಒಬ್ಬಳು. ಈಗ ವಿಮಾ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಗೆಳತಿಯಿಂದ ಸುದ್ದಿ ತಿಳಿದು ರಜೆ ಹಾಕಿ ಬಂದಿದ್ದಳು.

“ಸರ್, ಅಮ್ಮ ಓದಿದ್ದು ನನ್ನ ಹತ್ರ ಇದೆ.”

“ಎಷ್ಟಿದೆ?”

“ಎಲ್ಲ ಇಲ್ಲ ಸರ್. ಅಮ್ಮ ಪುಸ್ತಕ ಬಿಟ್ಟು ಮಾತಾಡ್ತಿದ್ರಲ್ಲ, ಆ ತುಂಡುಗಳು ಮಾತ್ರ. ಹಾಸ್ಟೆಲಲ್ಲಿ ನಾವೆಲ್ಲ ಅದನ್ನೇ ಕತ್ತರಿಸಿ ಇಟ್ಕೊಂಡಿದ್ವಿ.”

ಫೋನು ಒತ್ತಿದಳು. ಎರಡು ತಿಂಗಳಿಂದ ಕೇಳದ ಧ್ವನಿ ಆ ಗದ್ದಲದ ಮಧ್ಯೆ ಎದ್ದು ಬಂತು: “ಇಲ್ಲಿ ‘ಪಕ್ಕದ ನಕ್ಷೆ ನೋಡಿ’ ಅಂತ ಬರೆದಿದ್ದಾರೆ. ನೋಡೋದು ಹೇಗಂತೆ? ಇರ್ಲಿ ಕಣ್ರಮ್ಮ, ನಾನು ಹೇಳ್ತೀನಿ. ಭೂಮಿ ಅಂದ್ರೆ ದಪ್ಪಗಿರೋ ಹೆಂಗಸು ಅಂದ್ಕೊಳ್ಳಿ. ಅವಳ ಸೊಂಟಕ್ಕೆ ಟೇಪು ಸುತ್ತಿದ್ರೆ ಅದೇ ಭೂಮಧ್ಯರೇಖೆ. ಮೇಲೆ ಮೇಲೆ ಬಂದ ಹಾಗೆ ಸುತ್ತು ಸಣ್ಣ ಆಗುತ್ತೆ, ನಿಮ್ಮ ಕತ್ತು ಮುಟ್ಟಿ ನೋಡ್ಕೊಳ್ಳಿ...”

ನಾನು ಅತ್ತೆ. ಜನ ನೋಡುತ್ತಿದ್ದರು, ನೋಡಲಿ ಎನ್ನಿಸಿತು.

“ಉಳಿದದ್ದನ್ನ ಯಾಕಮ್ಮ ಇಟ್ಕೊಳ್ಳಲಿಲ್ಲ?” ಎಂದೆ.

“ಉಳಿದದ್ದು ಪುಸ್ತಕದಲ್ಲೇ ಇತ್ತಲ್ಲ ಸರ್. ಅದನ್ನ ಯಾರು ಬೇಕಾದ್ರೂ ಓದ್ತಾರೆ.”

ಎಲ್ಲ ತುಂಡುಗಳನ್ನೂ ನನ್ನ ಫೋನಿಗೆ ಕಳಿಸಿದಳು. ಕೂಡಿಸಿದರೆ ಏಳು ನಿಮಿಷ. ತಕ್ಷಣ ಆಸ್ಪತ್ರೆಯ ಮೇಡಂಗೆ ಫೋನು ಮಾಡಿ ಮೊದಲ ತುಂಡು ಕೇಳಿಸಿದೆ. ಒಟ್ಟು ಏಳೇ ನಿಮಿಷ ಎಂದೂ ಹೇಳಿದೆ.

“ಸಾಲಲ್ಲ ಸರ್. ಮಧ್ಯೆ ನಗು ಬೇರೆ ಇದೆ. ಇಷ್ಟರಲ್ಲಿ ಧ್ವನಿ ಕಟ್ಟೋಕಾಗಲ್ಲ ಅಂತ ಕಂಪನಿಯವರು ಮೊದಲೇ ಹೇಳಿದಾರೆ. ಬೇರೆ ಏನೂ ಇಲ್ವಾ?”

“ಇಲ್ಲ.”

“ಕ್ಷಮಿಸಿ ಸರ್.”

ನಾಲ್ಕೂವರೆಗೇ ಮನೆಗೆ ಬಂದೆ. ಹೆಂಡತಿ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನನ್ನ ಮುಖ ಕಂಡು ಬಟ್ಟೆಯ ಮೇಲೆ ಏನೂ ಬರೆಯದೆ ಕಾದಳು. ಕತ್ತರಿಸುವ ಮೇಜಿನ ಈಚೆ ನಿಂತು ಒಂದೇ ಉಸಿರಿಗೆ ಹೇಳಿದೆ. ಅಳಿಸಿದ್ದು ನಾನು. ಎರಡು ವರ್ಷ ಆಯಿತು. ಈ ವಾರವೆಲ್ಲ ಸುಳ್ಳು ಹೇಳಿದೆ. ಸಿಕ್ಕಿದ್ದು ಏಳು ನಿಮಿಷ, ಅದು ಸಾಲದು.

ಅವಳು ಕೂಗಬೇಕಿತ್ತು. ಆ ಮನೆಯಲ್ಲಿ ಆ ಹೊತ್ತು ಅವಳ ಕೂಗು ಬೇಕಿತ್ತು ನನಗೆ. ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಫೋನಿಗೆ ಕೈ ಚಾಚಿದಳು.

ಮೊದಲ ತುಂಡು ಶುರುವಾಯಿತು. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತುಟಿ ಅಲುಗಿತು. ದಪ್ಪ ಹೆಂಗಸು, ಸೊಂಟ, ಟೇಪು. ಧ್ವನಿ ಫೋನಿನಿಂದ ಬರುತ್ತಿತ್ತು, ಮಾತು ಅವಳ ತುಟಿಯ ಮೇಲಿತ್ತು, ಒಂದಕ್ಷರ ಹಿಂದೆ ಮುಂದೆ ಇಲ್ಲ. ಕೈಗಳೂ ಎದ್ದವು, ಅಳತೆ ತೆಗೆಯುವಾಗ ಏಳುತ್ತಿದ್ದ ಹಾಗೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ನನ್ನ ಹೆಂಡತಿ ನನ್ನ ಎದುರು ಕೂತು ಮಾತಾಡುತ್ತಿದ್ದಳು.

ಕೊನೆಯ ತುಂಡನ್ನು ನಾನೂ ಕೇಳಿರಲಿಲ್ಲ. ಅದರಲ್ಲಿ ಅವಳು ಉಬ್ಬರ ಇಳಿತವನ್ನು ಒಗೆಯುವ ಬಟ್ಟೆಗೆ ಹೋಲಿಸಿ ಏನೋ ಹೇಳಲು ಹೊರಟಿದ್ದಳು. ಬಾಗಿಲು ತೆರೆದ ಸದ್ದು. ಆಮೇಲೆ ಒಂದು ಗಂಡು ಧ್ವನಿ, ಚೆನ್ನಾಗಿ, ಸ್ಪಷ್ಟವಾಗಿ: “ಮತ್ತೆ ಶುರುವಾಯ್ತಾ? ನಿನ್ನ ಮಾತು ಯಾರಿಗೆ ಬೇಕು? ಪುಸ್ತಕದಲ್ಲಿ ಇರೋದನ್ನ ಓದು.”

ತುಟಿ ನಿಂತಿತು. ಫೋನಿನಲ್ಲೂ ಮೌನ. ಆ ಮೌನ ಮುಗಿದು, ಅವಳು ಸಣ್ಣಗೆ “ಆಯ್ತು ರೀ” ಎಂದದ್ದೇ ಕೊನೆ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಬಟ್ಟೆ ಎಳೆದುಕೊಂಡು ನಿಧಾನವಾಗಿ ಬರೆದಳು: “ಈಗ ನಿಮಗೆ ಬೇಕಾ?”

“ಬೇಕು” ಎಂದೆ. ಅವಳಿಗೆ ಕಿವಿ ಕೇಳದೇನೋ ಎಂಬ ಹಾಗೆ ಜೋರಾಗಿ, ಮತ್ತೆ ಮತ್ತೆ “ಬೇಕು ಕಣೇ, ಬೇಕು” ಎಂದೆ.

ಸುಮ್ಮನಿರಿ ಎಂದು ಅವಳು ನನಗೆ ಕೈ ತೋರಿಸಿದಳು. ಫೋನನ್ನು ಹತ್ತಿರ ಎಳೆದುಕೊಂಡು ಮೊದಲಿನಿಂದ ಹಾಕಿದಳು.