ನೆಟ್ಟಗೆ ಮಾಡಿದ ಗೋಡೆ

ಹಳೆಯ ಕಟ್ಟಡಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ನಾವು ಬಾಡಿಗೆಗಿರುವ ಮೂರಂತಸ್ತಿನ ಕಟ್ಟಡದ ಫೋಟೋವೊಂದನ್ನು ಮಾಲೀಕರು ಮೆಚ್ಚಿ, ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದರು.

ಈಚೆಗೆ ನಮ್ಮ ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ನೆಲದ ಮೇಲಿಟ್ಟ ಚೆಂಡು ತಾನಾಗಿಯೇ ಬೀದಿ ಕಡೆಯ ಗೋಡೆಗೆ ಉರುಳುತ್ತದೆ. ಅಕ್ಕನ ಕೂಸಿನ ತೊಟ್ಟಿಲಿರುವುದು ಅಲ್ಲೇ. ಗೋಡೆ ಬೀದಿಯತ್ತ ವಾಲುತ್ತಿದೆ ಎಂದು ಹೇಳಲು ಅಕ್ಕ ನನ್ನನ್ನೂ ಕರೆದುಕೊಂಡು ಮಾಲೀಕರ ಬಳಿ ಹೋದಳು.

"ಕಳೆದ ತಿಂಗಳು ನಿನ್ನ ತಂಗಿ ತೆಗೆದಿದ್ದೇ ನೋಡಮ್ಮ," ಎಂದು ಅವರು ಫೋಟೋ ತೋರಿಸಿದರು. "ನೂಲು ಹಿಡಿದ ಹಾಗಿದೆ. ನಿನ್ನ ಕಣ್ಣೇ ವಾಲಿರಬೇಕು!"

ಕ್ಯಾಮೆರಾ ಮೇಲೆತ್ತಿ ಹಿಡಿದರೆ ಯಾವ ಕಟ್ಟಡವಾದರೂ ಓರೆಯಾಗಿ ಕಾಣುತ್ತದೆ. ಇದೂ ಹಾಗೇ ಅಂದುಕೊಂಡು ತೆಗೆದ ಮೇಲೆ ಪ್ರತಿ ಫೋಟೋದಲ್ಲೂ ಕಟ್ಟಡದ ಗೆರೆಗಳನ್ನು ನೆಟ್ಟಗೆ ಮಾಡಿ, ಮೂಲ ಫೋಟೋ ಅಳಿಸಿಬಿಟ್ಟಿದ್ದೆ.

"ಅದನ್ನ ನೆಟ್ಟಗೆ ಮಾಡಿದ್ದು ನಾನು, ಸಾರ್."

"ಏನು? ಜೋರಾಗಿ ಹೇಳು."

"ಗೋಡೆ ವಾಲಿದೆ. ಫೋಟೋನ ನಾನು ನೆಟ್ಟಗೆ ಮಾಡಿದ್ದೀನಿ."

"ಸ್ಕೂಲು ಬಿಟ್ಟವಳು ಅಕ್ಕನ ಪಾಠ ಮಾತ್ರ ಚೆನ್ನಾಗಿ ಒಪ್ಪಿಸ್ತೀಯ," ಎಂದು ಅವರು ನಕ್ಕರು.

ಮನೆಗೆ ಬಂದವಳೇ ಅಕ್ಕ ತೊಟ್ಟಿಲನ್ನು ಒಳಗೋಡೆಯ ಕಡೆಗೆ ಎಳೆದಳು. ನಾನು ನೂಲಿಗೆ ಕಲ್ಲು ಕಟ್ಟಿ ಅವಳ ಕೈಗೆ ಕೊಟ್ಟು, ಬೀದಿಗಿಳಿದೆ. ಅವಳು ಅದನ್ನು ಮೇಲಿನ ಕಿಟಕಿಯಿಂದ ಇಳಿಬಿಟ್ಟಳು.

ಕೆಳಗೆ ನೂಲಿಗೂ ಗೋಡೆಗೂ ನಡುವೆ ನನ್ನ ಅಂಗೈ ಸಲೀಸಾಗಿ ಹಿಡಿಸಿತು. ನೂಲು, ಗೋಡೆ ಎರಡೂ ಕಾಣುವಂತೆ ಫೋಟೋ ತೆಗೆದೆ. ಹತ್ತಿರದಿಂದ ಮತ್ತೊಂದು ತೆಗೆದೆ. ಯಾವುದನ್ನೂ ನೆಟ್ಟಗೆ ಮಾಡಲಿಲ್ಲ.